ಬೀಗರ ಆಕಳು ಮೆಲುಕು ನಿಲ್ಲಿಸಿದ ದಿನ

ಸೊರಟೂರಿನ ಶಾರದವ್ವನ ಮನೆಗೆ ಆಕಳು ಬಂದದ್ದು ಸಾವಿರದ ಒಂಬೈನೂರ ಎಂಬತ್ತಾರರ ಸುಗ್ಗಿಯಲ್ಲಿ. ಕಳಿಸಿದವರು ಕೋಟುಮಚಗಿಯ ಬೀಗರು, ಸೊಸೆ ಗುರುಸಿದ್ದವ್ವನ ತಂದೆ ನಿಜಲಿಂಗಪ್ಪನವರು. ಗುರುಸಿದ್ದವ್ವ ಆಗ ಆರು ತಿಂಗಳ ಬಸುರಿ. "ನನ್ನ ಮಗಳು ಎರಡೂ ಹೊತ್ತು ಮನಿ ಹಾಲು ಕುಡೀಲಿ" ಎಂದು ಒಂದು ಮಿಶ್ರತಳಿ ಆಕಳನ್ನು ಕರುವಿನೊಂದಿಗೆ ಟ್ರ್ಯಾಕ್ಟರಿನಲ್ಲಿ ಹತ್ತಿಸಿ ಕಳಿಸಿದ್ದರು.

ಕಪ್ಪು ಬಿಳುಪು ಮೈ, ದೊಡ್ಡ ಕೆಚ್ಚಲು, ಸಾಧು ಸ್ವಭಾವ. ದಿನಕ್ಕೆ ಎಂಟು ಲೀಟರ್ ಹಾಲು. ಬೀಗರ ಊರಿಂದ ಬಂದದ್ದೆಂದು ಶಾರದವ್ವ ಅದಕ್ಕೆ ಬೀಗತಿ ಎಂದೇ ಹೆಸರಿಟ್ಟಳು. ಹೆಸರಿಟ್ಟ ಮೇಲೆ ಹಾಗೆಯೇ ನೋಡಿಕೊಳ್ಳಬೇಕಲ್ಲ. ಬೀಗತಿ ಮನೆಗೆ ಬಂದರೆ ತಾಟಿಗೆ ಬಡಿಸುತ್ತಲೇ ಇರಬೇಕು, ಆಕೆ ಸಾಕು ಎಂದರೂ ಇನ್ನೊಂದು ಹಾಕಬೇಕು. ಶಾರದವ್ವ ಆಕಳಿಗೂ ಅದನ್ನೇ ಮಾಡಿದಳು.

ಕೋಟುಮಚಗಿಯಲ್ಲಿ ಆ ಆಕಳು ತಿನ್ನುತ್ತಿದ್ದದ್ದು ಜೋಳದ ಒಣ ದಂಟಿನ ಕಣಕಿ, ಒಂದಿಷ್ಟು ಹಸಿ ಮೇವು, ಹಾಲು ಹಿಂಡುವಾಗ ಅಳತೆಯ ಹಿಂಡಿ. ಇಲ್ಲಿ ಮೊದಲ ದಿನವೇ ಕಣಕಿ ಬದಿಗೆ ಸರಿಯಿತು.

"ಕಣಕಿ ಎತ್ತಿಗೆ ಹಾಕು. ಬೀಗರು ಕೊಟ್ಟ ಆಕಳಕ್ಕ ಒಣಾ ದಂಟು ಹಾಕಿದ್ರ ಮಂದಿ ಏನಂದಾರು" ಎಂದು ಶಾರದವ್ವ ಮಗ ಹುಚ್ಚೀರಪ್ಪನಿಗೆ ತಾಕೀತು ಮಾಡಿದಳು. ಹೊಸ ಜೋಳ ಒಡೆಸಿ ನುಚ್ಚು ಮಾಡಿಸಿದಳು. ಅದನ್ನು ಕುದಿಸಿ, ಬೆಲ್ಲ ಹಾಕಿ, ಬಕೀಟಿನಲ್ಲಿ ಇಟ್ಟಳು. ಬೀಗತಿ ನಾಲಿಗೆ ಹಚ್ಚಿ ಬಕೀಟಿನ ತಳವನ್ನೂ ಬಿಡದೆ ನೆಕ್ಕಿತು. ನಾಲ್ಕು ದಿನದಲ್ಲಿ ಹಾಲು ಅರ್ಧ ಲೀಟರ್ ಏರಿತು. ಶಾರದವ್ವನ ಕೈ ಇನ್ನೂ ಧಾರಾಳವಾಯಿತು.

ಎದುರು ಮನೆಯ ದಿಲಶಾದಬಿ ಮೂರು ಎಮ್ಮೆ ಕಟ್ಟಿದ್ದಳು. ಊರಿನ ಹಾಲಿನ ಸಂಘದಲ್ಲಿ ಹಾಲು ಅಳೆಯುವ ಕೆಲಸವೂ ಅವಳದೇ. ದನಗಳ ಆರೈಕೆಯ ಬಗ್ಗೆ ಧಾರವಾಡದಲ್ಲಿ ಎಂಟು ದಿನ ತರಬೇತಿ ಮುಗಿಸಿ ಬಂದಿದ್ದಳು. ಒಂದು ಸಂಜೆ ಅವಳು ಬಾಗಿಲಲ್ಲಿ ನಿಂತು ಬೀಗತಿಯನ್ನು ನೋಡಿದಳು.

"ಕೆಚ್ಚಲು ಎಷ್ಟ ಚಂದ ಐತಿ ಶಾರದಕ್ಕಾ. ಆದ್ರ ನುಚ್ಚು ಹೆಚ್ಚಾತು ಅನಸ್ತೈತ್ರಿ. ಒಂದೀಟು ಕಣಕಿ ಮುಂದ ಹಾಕ್ರಿ."

"ನಿನ್ನ ಎಮ್ಮಿಗೆ ನೀ ಕಣಕಿ ಹಾಕ್ಕೋ, ಯವ್ವಾ. ನಮ್ಮ ಬೀಗತಿ ಉಣ್ಣೂದು ನಾವು ನೋಡ್ಕೋತೀವಿ" ಎಂದಳು ಶಾರದವ್ವ. ದಿಲಶಾದಬಿ ನಕ್ಕು ಹೋದಳು.

ಮರುದಿನ ಹುಣ್ಣಿಮೆ. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಶಾರದವ್ವ ಎಂದಿನ ನುಚ್ಚಿನ ಜೊತೆಗೆ ಉಳಿದ ಹೋಳಿಗೆ, ಕಡಲೆಬೇಳೆಯ ಹೂರಣ, ಗೋಧಿ ಹಿಟ್ಟು ಎಲ್ಲ ಕಲಸಿ ಎರಡು ಬಕೀಟು ತುಂಬ ಬೀಗತಿಯ ಮುಂದಿಟ್ಟಳು. ಗುರುಸಿದ್ದವ್ವ, "ಅತ್ತಿ, ಇಷ್ಟೊಂದು ಬ್ಯಾಡ್ರಿ" ಎಂದಳು. "ಹಬ್ಬದ ದಿವಸ ನೀನೂ ಉಣ್ಣು, ಅದೂ ಉಣ್ಣಲಿ" ಎಂದು ಅತ್ತೆ ಸೊಸೆಯ ಬಾಯಿ ಮುಚ್ಚಿಸಿದಳು.

ಬೆಳಿಗ್ಗೆ ಹಾಲು ಹಿಂಡಲು ಹೋದ ಗುರುಸಿದ್ದವ್ವ ಖಾಲಿ ಚರಿಗೆ ಹಿಡಿದು ಹೊರಗೆ ಬಂದಳು.

"ಅತ್ತಿ, ಬೀಗತಿ ಏಳವಲ್ದರಿ."

ಬೀಗತಿ ಮಲಗಿತ್ತು. ಕಿವಿ ಜೋತು ಬಿದ್ದಿದ್ದವು. ಮುಂದಿಟ್ಟ ನುಚ್ಚನ್ನು ಮೂಸಿ ಮುಖ ತಿರುಗಿಸಿತು. ಸೆಗಣಿ ನೀರಿನಂತೆ ತೆಳ್ಳಗೆ, ಬೂದು ಬಣ್ಣ, ಹುಳಿ ವಾಸನೆ. ಅದರಲ್ಲಿ ಜೋಳದ ನುಚ್ಚು ಹಾಗೆಯೇ ಕಾಣುತ್ತಿತ್ತು. ಕರು ಹತ್ತಿರ ಬಂದು ಕೂಗಿದರೂ ಆಕಳು ತಲೆ ಎತ್ತಲಿಲ್ಲ.

ಶಾರದವ್ವ ದಿನ ಎಣಿಸಿದಳು. ಬಸುರಿ ಸೊಸೆಗೆ ಸೀರೆ ಉಡಿಸಿ ಕುಬುಸದ ಶಾಸ್ತ್ರ ಮಾಡಲು ಬೀಗರು ಬರುವುದಕ್ಕೆ ಇನ್ನು ಇಪ್ಪತ್ತೈದು ದಿನವಿತ್ತು. ಬಂದವರು ಮೊದಲು ಕೇಳುವುದೇ ಆಕಳನ್ನು. ಬಸುರಿ ಮಗಳಿಗೆ ಕೊಟ್ಟ ಆಕಳು ಒಂದು ತಿಂಗಳೂ ಬಾಳಲಿಲ್ಲ ಎಂದರೆ ಯಾವ ಮುಖ ತೋರಿಸುವುದು? ಅದಕ್ಕಿಂತ ಹೆಚ್ಚಾಗಿ, ಹದಿನೈದು ದಿನದಲ್ಲಿ ಆ ಮೂಕ ಜೀವದ ಮೇಲೆ ಅವಳಿಗೆ ಅಷ್ಟು ಅಕ್ಕರೆ ಬೆಳೆದಿತ್ತು.

"ದಿಟ್ಟಿ ತಾಗೇತಿ" ಎಂದಳು. ಉಪ್ಪು, ಒಣಮೆಣಸಿನಕಾಯಿ ತಂದು ಬೀಗತಿಯ ಮುಖದ ಸುತ್ತ ಮೂರು ಸಲ ಇಳಿ ತೆಗೆದು ಒಲೆಗೆ ಹಾಕಿದಳು. "ಮೊನ್ನೆ ಕೆಚ್ಚಲಾ ಚಂದ ಅಂತ ನಿಂತು ನೋಡಿದಾಕಿ ಯಾರಂತ ನನಗ ಗೊತ್ತೈತಿ."

ಆ ಮಾತು ಮುಗಿಯುವಷ್ಟರಲ್ಲಿ ದಿಲಶಾದಬಿ ಬಾಗಿಲಲ್ಲಿದ್ದಳು. ಮನೆಗೆ ಬಳಸಿ ಉಳಿದು ದಿನವೂ ಸಂಘಕ್ಕೆ ಬರುತ್ತಿದ್ದ ಬೀಗತಿಯ ಹಾಲು ಇಂದು ಬರಲಿಲ್ಲವೆಂದು ಕೇಳಲು ಬಂದಿದ್ದಳು. ಮಾತು ಅವಳ ಕಿವಿಗೆ ಬಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಟ್ಟಿಗೆಗೆ ನಡೆದಳು.

"ಬೈಯೂದು ಆಮ್ಯಾಲೆ ಬೈರಿ, ಶಾರದಕ್ಕಾ. ಮೊದಲ ಆಕಳಾ ನೋಡೂಣು."

ಅವಳು ಬೀಗತಿಯ ಎಡಗಡೆ ಕುಳಿತಳು. ಪಕ್ಕೆಲುಬು ಮುಗಿದ ಮೇಲೆ ಇರುವ ತಗ್ಗಿನಲ್ಲಿ ಮುಷ್ಟಿ ಒತ್ತಿ ಹಿಡಿದು ಕಾಯ್ದಳು.

"ಹೊಟ್ಟಿ ಆಡವಲ್ದು" ಎಂದಳು. "ಆಕಳು ಆರಾಮ ಇದ್ರ ಇಲ್ಲಿ ಕೈ ಇಟ್ಟಾಗ ಎರಡು ನಿಮಿಷದಾಗ ಎರಡು ಮೂರು ಸಲ ಒಳಗಿಂದ ನೂಕಬೇಕು. ಈಗ ಒಮ್ಮೆನೂ ನೂಕಲಿಲ್ಲ. ಒಳಗ ನೀರ ಕಟ್ಟಿದಂಗ ಗುಳುಗುಳು ಅಂತೈತಿ. ನಿನ್ನೆ ಏನ ಹಾಕೀರಿ?"

ಗುರುಸಿದ್ದವ್ವ ಅತ್ತೆಯ ಮುಖ ನೋಡಿ, ನಂತರ ಎಲ್ಲ ಹೇಳಿದಳು.

"ಹುಚ್ಚೀರಪ್ಪಾ, ಸೈಕಲ್ ತಗೊಂಡು ಮುಳಗುಂದಕ್ಕ ಹೋಗು" ಎಂದಳು ದಿಲಶಾದಬಿ. "ದನದ ಡಾಕ್ಟರನ್ನ ಕರ್ಕೊಂಡು ಬಾ. ಹಿಟ್ಟು ನುಚ್ಚು ಹೆಚ್ಚು ತಿಂದು ಬಿದ್ದೈತಿ ಅಂತ ಹೇಳು, ಔಷಧ ತಗೊಂಡ ಬರ್ತಾರ."

ಅಷ್ಟರಲ್ಲಿ ಶಾರದವ್ವ ಒಳಗಿಂದ ಒಂದು ಗಡಿಗೆ ಹುಳಿ ಮಜ್ಜಿಗೆ ತಂದಿದ್ದಳು. ಹೊಟ್ಟೆ ತಣ್ಣಗಾಗಲೆಂದು ಬಿದಿರಿನ ಗೊಟ್ಟದಿಂದ ಬಾಯಿಗೆ ಹೊಯ್ದು ಕುಡಿಸುವ ವಿಚಾರ. ದಿಲಶಾದಬಿ ಗಡಿಗೆಗೆ ಕೈ ಅಡ್ಡ ಹಿಡಿದಳು.

"ಹೊಟ್ಟ್ಯಾಗ ಮೊದಲ ಹುಳಿ ಆಗೇತಿ. ಅದರ ಮ್ಯಾಲೆ ಹುಳಿ ಹಾಕಿದ್ರ ಸಾಯ್ತೈತ್ರಿ. ಎಣ್ಣಿ ಬ್ಯಾಡ, ಗಂಜಿ ಬ್ಯಾಡ. ನುಚ್ಚಿನ ಬಕೀಟು ಹೊರಗ ಒಯ್ರಿ. ತಿನ್ನುವಂಗಿದ್ರ ಕಣಕಿ ತಿನ್ನಲಿ, ಇಲ್ಲಾಂದ್ರ ಸುಮ್ಮನಿರಲಿ."

"ಉಪಾಸ ಕೆಡವತಿಯೇನ ಅದನ್ನ?" ಶಾರದವ್ವ ಗಡಿಗೆ ಕೆಳಗಿಟ್ಟಳು.

"ಒಂದು ದಿವಸ ಉಪಾಸ ಇದ್ರ ಉಳೀತೈತಿ, ಅಕ್ಕಾ."

ಹೊತ್ತು ಏರುವ ಮೊದಲೇ ಡಾಕ್ಟರು ಜಯತೀರ್ಥ ಅವರು ಫಟಫಟಿಯ ಮೇಲೆ ಹುಚ್ಚೀರಪ್ಪನನ್ನು ಕೂರಿಸಿಕೊಂಡು ಬಂದರು. ಜ್ವರ ನೋಡಿದರು, ಕಣ್ಣು ನೋಡಿದರು, ಹೊಟ್ಟೆಗೆ ಕಿವಿಕೊಳವೆ ಇಟ್ಟು ಕೇಳಿದರು. ಸೋಡಾದ ಪುಡಿಯನ್ನು ಅಳೆದು ಬೆಚ್ಚಗಿನ ನೀರಿನಲ್ಲಿ ಕರಗಿಸಿದರು. ಬೀಗತಿಯನ್ನು ಎಬ್ಬಿಸಿ, ಅದರ ತಲೆ ಮೇಲಕ್ಕೆ ಹೆಚ್ಚು ಎತ್ತದೆ, ಉಸಿರಿಗೆ ಹೋಗದಂತೆ ನಿಧಾನವಾಗಿ ಕುಡಿಸಿದರು. ಎರಡು ಇಂಜೆಕ್ಷನ್ ಕೊಟ್ಟರು.

"ವ್ಯಾಳ್ಯಾಕ್ಕ ಕರದೀರಿ" ಎಂದರು. "ಸಂಜಿ ತನಕಾ ಬಿಟ್ಟಿದ್ರ ನನ್ನ ಕೈಯಾಗ ಏನೂ ಇರ್ತಿರಲಿಲ್ಲ."

ಶಾರದವ್ವ ಕಂಬಕ್ಕೆ ಒರಗಿ ನಿಂತಿದ್ದಳು. "ಡಾಕ್ಟರ ಸಾಹೇಬ್ರ, ನಾ ವಿಷಾ ಹಾಕಲಿಲ್ರಿ. ನಾವು ಉಣ್ಣೂದನ್ನ ಹಾಕೀನಿ. ಹೋಳಿಗಿ ಹಾಕೀನಿ."

"ಗೊತ್ತೈತ್ರಿ ಅವ್ವಾರ. ನಿಮ್ಮ ಹೊಟ್ಟಿ ಬ್ಯಾರೆ, ಅದರ ಹೊಟ್ಟಿ ಬ್ಯಾರೆ." ಡಾಕ್ಟರು ಕಟ್ಟೆಯ ಮೇಲೆ ಕುಳಿತರು. "ನೀವು ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಆ ಹೆಪ್ಪಿನ್ಯಾಗ ಕಣ್ಣಿಗೆ ಕಾಣದ ಜೀವಿ ಇರ್ತಾವು. ಆಕಳ ದೊಡ್ಡ ಹೊಟ್ಟ್ಯಾಗೂ ಅಂಥಾವು ಕೋಟಿಗಟ್ಟಲೆ ಅದಾವು. ಕಣಕಿ ಕರಗಸೂದು ಆಕಳಲ್ಲ, ಅವು. ಅವು ಕರಗಿಸಿ ಕೊಟ್ಟದ್ದರಿಂದ ಆಕಳಿಗೆ ಶಕ್ತಿ, ನಿಮಗ ಹಾಲು. ದಿನಾ ಕಣಕಿ ತಿನ್ನಾವಕ್ಕ ಒಮ್ಮಿಗೇ ಎರಡು ಬಕೀಟು ನುಚ್ಚು ಸುರವಿದ್ರ, ಕಣಕಿ ಕರಗಸೂ ಜೀವಿ ಸಾಯ್ತಾವು, ಹುಳಿ ಮಾಡೂ ಜೀವಿ ಹೆಚ್ಚಾಕ್ಕಾವು. ಹೊಟ್ಟಿ ಹುಳಿ ಆಗತೈತಿ. ಹಸಿವಿ ಹೋಗತೈತಿ, ಮೆಲಕು ನಿಲ್ಲತೈತಿ."

"ಮೆಲಕು ನಿಂತ್ರ ಏನಾಕ್ಕೈತ್ರಿ?" ಗುರುಸಿದ್ದವ್ವ ಕೇಳಿದಳು.

"ಮೆಲಕು ಹಾಕುವಾಗ ಬಾಯಾಗ ಜೊಲ್ಲು ಬರ್ತೈತಲ್ಲವಾ, ಆ ಜೊಲ್ಲಿನ್ಯಾಗ ಸೋಡಾ ಐತಿ. ದಿನಕ್ಕ ಏಳೆಂಟು ಕೊಡ ಜೊಲ್ಲು ಹೊಟ್ಟಿಗೆ ಇಳದು ಹುಳಿ ಮುರೀತೈತಿ. ನಾ ಈಗ ಕುಡಿಸಿದ ಸೋಡಾ, ಆಕಳು ತಾನ ಮಾಡ್ಕೊಳ್ಳೂದು. ಆದ್ರ ಅದಕ್ಕ ಉದ್ದನ್ನ ಮೇವು ಬೇಕು. ನುಚ್ಚಿಗೆ ಮೆಲಕು ಯಾವ ದನಾ ಹಾಕತೈತಿ?"

ಶಾರದವ್ವ ಮೂಲೆಯಲ್ಲಿ ನಿಂತ ತಮ್ಮ ಎತ್ತನ್ನು ನೋಡಿದಳು. ಹದಿನೈದು ದಿನದಿಂದ ಅದರ ಮೇವಿನ ಗೋದಲಿಗೆ ಬೀಗತಿ ಬಿಟ್ಟ ಕಣಕಿ ಮಾತ್ರ ಬಿದ್ದಿತ್ತು. ಅದು ಅರ್ಧ ಕಣ್ಣು ಮುಚ್ಚಿ, ದವಡೆ ಆಡಿಸುತ್ತ, ಆರಾಮಾಗಿ ಮೆಲುಕು ಹಾಕುತ್ತಿತ್ತು. ಡಾಕ್ಟರೂ ಅದನ್ನೇ ನೋಡುತ್ತಿದ್ದರು.

"ಇದು ನಮಗ ಬೇಕಾಗತೈತಿ. ನಾಳೆ ಬರ್ತೀನಿ."

ಮರುದಿನ ಬೆಳಿಗ್ಗೆ ಡಾಕ್ಟರು ಬಂದಾಗ ಬೀಗತಿ ಎದ್ದು ನಿಂತಿತ್ತು. ಆದರೆ ಇನ್ನೂ ಮೆಲುಕಿಲ್ಲ. ಡಾಕ್ಟರು ಹುಚ್ಚೀರಪ್ಪನ ಕೈಗೆ ಎತ್ತಿನ ಮೂಗುದಾರ ಕೊಟ್ಟರು. ಎತ್ತಿನ ಗಂಟಲಲ್ಲಿ ಮೆಲುಕಿನ ಉಂಡೆ ಮೇಲೆ ಬರುವುದನ್ನು ಕಾದು, ಬಾಯೊಳಗೆ ಕೈ ಹಾಕಿ ಆ ಉಂಡೆ ತೆಗೆದರು. ಬೀಗತಿಯ ನಾಲಿಗೆಯ ಹಿಂದೆ ಇಟ್ಟರು. ಹೀಗೆ ನಾಲ್ಕು ಸಲ.

"ಎಂಜಲಾ?" ಎಂದಳು ಶಾರದವ್ವ. "ಬೀಗತಿಗೆ ನಮ್ಮ ಎತ್ತಿನ ಎಂಜಲಾ?"

"ಇದು ಹೆಪ್ಪರಿ, ಅವ್ವಾರ. ಹೊಟ್ಟ್ಯಾಗ ಸತ್ತ ಜೀವಿ ಮತ್ತ ಬೆಳೀಲಿ ಅಂತ ಆರಾಮಿರೂ ದನದಿಂದ ಹೆಪ್ಪು ಕೊಟ್ಟೆ. ನಿಮ್ಮನಿ ಹೆಪ್ಪು ಕೆಟ್ರ ದಿಲಶಾದಬಿ ಮನಿಯಿಂದ ತರೂದಿಲ್ಲೇನು?"

ದಿಲಶಾದಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಗುರುಸಿದ್ದವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಾರದವ್ವನಿಗೂ ತಡೆಯಲಾಗಲಿಲ್ಲ. ಎರಡು ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಮೂರನೆಯ ದಿನ ಮಧ್ಯಾಹ್ನ ಬೀಗತಿ ನಾಲ್ಕು ಎಳೆ ಕಣಕಿ ಎಳೆದುಕೊಂಡು ತಿಂದಿತು. ಸ್ವಲ್ಪ ಹೊತ್ತು ಬಿಟ್ಟು ಮಲಗಿತು. ಕತ್ತಿನಲ್ಲಿ ಉಂಡೆಯೊಂದು ಸರ್ರನೆ ಮೇಲೇರಿತು. ದವಡೆ ಆಡತೊಡಗಿತು. ಶಾರದವ್ವ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಎಣಿಸಿದಳು. ಐವತ್ತೆರಡು ಸಲ ಅಗಿದು ನುಂಗಿತು. ಅವಳು ಎದ್ದವಳೇ ರಸ್ತೆ ದಾಟಿ ದಿಲಶಾದಬಿಯ ಮನೆಯೊಳಗೆ ಹೋದಳು.

"ಮೆಲಕ ಹಾಕ್ತು" ಎಂದಳು. ಆಮೇಲೆ, "ನಾ ಅವತ್ತ ದಿಟ್ಟಿ ಮಾತು ಆಡಬಾರದಿತ್ತು. ಮನಸಿನ್ಯಾಗ ಇಟ್ಕೋಬ್ಯಾಡ ತಂಗಿ" ಎಂದಳು.

"ಅವತ್ತ ಮರತೀನ್ರಿ. ಕುಂಡ್ರಿ, ಚಾ ಇಡ್ತೀನಿ."

ಇಲ್ಲಿಗೆ ಎಲ್ಲ ಸರಿಹೋಯಿತು ಎನ್ನಬೇಡಿ. ಹೆದರಿದ ಶಾರದವ್ವ ಈಗ ಇನ್ನೊಂದು ತುದಿಗೆ ಹೋದಳು. ಹಿಂಡಿ ಇಲ್ಲ, ಬೂಸಾ ಇಲ್ಲ, ಹಸಿ ಮೇವೂ ಇಲ್ಲ. ಬೀಗತಿಯ ಮುಂದೆ ಮಾರುದ್ದದ ಒಣ ಕಣಕಿ ಮಾತ್ರ. ಹತ್ತು ದಿನದಲ್ಲಿ ಹಾಲು ಮೂರು ಲೀಟರಿಗೆ ಇಳಿಯಿತು. ಬೆನ್ನೆಲುಬು ಕಾಣತೊಡಗಿತು. ಗೋದಲಿಯಲ್ಲಿ ಅರ್ಧ ಮೇವು ಹಾಗೆಯೇ ಉಳಿಯುತ್ತಿತ್ತು.

"ಉಪಾಸ ಇಡ್ರಿ ಅಂತ ನಾ ಹೇಳಿದ್ದು ಒಂದ ದಿನಕ್ಕ" ಎಂದಳು ದಿಲಶಾದಬಿ.

"ಹೊಟ್ಟಿ ತುಂಬಾ ಕಣಕಿ ಹಾಕೀನಲ್ಲ. ತಿನ್ನವಲ್ದು, ನಾ ಏನ ಮಾಡಲಿ?"

"ಬರೇ ಒಣಾ ದಂಟು ಜಲ್ದಿ ಕರಗೂದಿಲ್ಲ, ಅಕ್ಕಾ. ಎರಡು ಮೂರು ದಿನ ಹೊಟ್ಟ್ಯಾಗ ಕುಂಡರತೈತಿ. ಹೊಟ್ಟಿ ಖಾಲಿ ಆಗದ ಹಸಿವಿ ಎಲ್ಲಿಂದ ಬರಬೇಕು? ಒಳಗಿನ ಜೀವಿಗೂ ಒಂದೀಟು ಹಿಂಡಿ ಬೇಕು, ಹಸೀದು ಬೇಕು. ಅದು ಸಿಕ್ರ ಅವು ಕಣಕಿನೂ ಚಲೋ ಕರಗಸ್ತಾವು. ಕರಗಿದ್ರ ಜಾಗ ಆಗತೈತಿ, ಜಾಗ ಆದ್ರ ಮತ್ತ ತಿಂತೈತಿ."

ಅಂದು ಸಂಜೆ ಇಬ್ಬರೂ ಕೂಡಿ ಕಣಕಿ ಕಡಿದರು. ಎರಡೆರಡು ಬೆರಳು ಉದ್ದ. "ಇದಕ್ಕಿಂತ ಸಣ್ಣ ಬ್ಯಾಡ. ಪುಡಿ ಮಾಡಿದ್ರ ಮತ್ತ ಮೆಲಕು ಕಡಿಮಿ ಆಗತೈತಿ" ಎಂದಳು ದಿಲಶಾದಬಿ. ಕಡಿದ ಮೇವಿಗೆ ಉಪ್ಪು ನೀರು ಚಿಮುಕಿಸಿದರು. ಶೇಂಗಾ ಹೊಟ್ಟು ಬೆರೆಸಿದರು. ದಿಲಶಾದಬಿಯ ಗಂಡ ರಹಮಾನಸಾಬ ತನ್ನ ಬಾವಿ ದಂಡೆಯ ಹಸಿ ಹುಲ್ಲು ಒಂದು ಹೊರೆ ತಂದು ಹಾಕಿದ. ನಿಂತಿದ್ದ ಹಿಂಡಿ ಮತ್ತೆ ಶುರುವಾಯಿತು, ಆದರೆ ಬೆಳಿಗ್ಗೆ ಎದ್ದ ಕೂಡಲೇ ಅಲ್ಲ. ಮೊದಲು ಮೇವು, ಅದು ಹೊಟ್ಟೆಗೆ ಬಿದ್ದ ಮೇಲೆ ಹಿಂಡಿ. ಹಿಂಡಿಯೂ ಮೊದಲ ದಿನ ಒಂದು ಬೊಗಸೆ, ಎರಡು ದಿನ ಬಿಟ್ಟು ಇನ್ನೊಂದು, ಅದೂ ಎರಡು ಹೊತ್ತಿಗೆ ಹಂಚಿ. ನೀರಿನ ತೊಟ್ಟಿ ಯಾವಾಗಲೂ ತುಂಬಿರಬೇಕು, ಪಾಚಿ ಕಟ್ಟಬಾರದು. ಆ ಕೆಲಸ ಹುಚ್ಚೀರಪ್ಪನದು.

ಮೊದಲ ಸಲ ಗೋದಲಿ ಖಾಲಿಯಾದ ದಿನ ಶಾರದವ್ವ ಕೈಯಿಂದ ತಳ ಸವರಿ ನೋಡಿದಳು. ಮಾರನೆಯ ದಿನವೂ ಖಾಲಿ. ಸೆಗಣಿ ಗಟ್ಟಿಯಾಗಿ ಸುತ್ತು ಸುತ್ತಾಗಿ ಬೀಳತೊಡಗಿತು. ಅದನ್ನು ನೋಡಿ ಯಾರಾದರೂ ಸಂತೋಷಪಟ್ಟದ್ದನ್ನು ಗುರುಸಿದ್ದವ್ವ ಅಲ್ಲಿಯವರೆಗೆ ಕಂಡಿರಲಿಲ್ಲ.

ಕುಬುಸದ ದಿನ ಬೀಗರು ಬುತ್ತಿ ಹೊತ್ತು ಬಂದರು. ಗುರುಸಿದ್ದವ್ವನಿಗೆ ಹಸಿರು ಸೀರೆ ಉಡಿಸಿದರು, ಹಸಿರು ಬಳೆ ಇಡಿಸಿದರು. ಓಣಿಯ ಶೇಖವ್ವ, ಮರಿಯವ್ವ ಸೋಬಾನ ಹಾಡಿದರು. ದಿಲಶಾದಬಿ ಕೈತುಂಬ ಮಲ್ಲಿಗೆ ತಂದಿದ್ದಳು. ಮನೆ ತುಂಬ ಹೆಣ್ಣುಮಕ್ಕಳ ಮಾತು, ನಗು. ಊಟವಾದ ಮೇಲೆ ನಿಜಲಿಂಗಪ್ಪನವರು ಕೊಟ್ಟಿಗೆಗೆ ಬಂದರು. ಬೀಗತಿ ಅವರ ಗುರುತು ಹಿಡಿದು ಕೈ ನೆಕ್ಕಿತು. ಹಾಲು ಮತ್ತೆ ಏಳು ಲೀಟರ್ ಮುಟ್ಟಿತ್ತು. ಮೈ ಇನ್ನೂ ಸ್ವಲ್ಪ ಬಡಕಲು, ಆದರೆ ಕಣ್ಣು ಹೊಳೆಯುತ್ತಿದ್ದವು.

"ಸ್ವಲ್ಪ ಬತ್ತೇತಿ" ಎಂದು ಬೀಗರು ತಾವು ತಂದ ಗೋವಿನಜೋಳದ ಚೀಲ ಬಿಚ್ಚಿಸಿದರು. ಒಂದು ಬುಟ್ಟಿ ತುಂಬ ಕಾಳು ಗೋದಲಿಗೆ ಸುರಿಯಲು ಎತ್ತಿದರು.

ಶಾರದವ್ವ ಮುಂದೆ ಬಂದು ಬುಟ್ಟಿ ಹಿಡಿದಳು. ಬೀಗರ ಕೈ ತಡೆಯುವುದು ಆ ಕಡೆ ಸಣ್ಣ ಮಾತಲ್ಲ.

"ತಪ್ಪು ತಿಳೀಬ್ಯಾಡ್ರಿ ಬೀಗರ" ಎಂದಳು. "ನೀವು ಕೊಟ್ಟ ಆಕಳಾ ನಾ ಪ್ರೀತಿಲೆ ಉಣಿಸಿ ಸಾಯಿಸ್ತಿದ್ದೆ. ಎರಡು ಬಕೀಟು ನುಚ್ಚು ಹಾಕಿ ನೆಲಕ್ಕ ಕೆಡವಿದ್ದೆ. ಈ ದಿಲಶಾದಬಿ, ಆ ಡಾಕ್ಟರು ಇರಲಿಲ್ಲಂದ್ರ ಇವತ್ತು ನೀವು ಖಾಲಿ ಗೂಟ ನೋಡ್ತಿದ್ರಿ."

ಹುಚ್ಚೀರಪ್ಪ ತಲೆ ತಗ್ಗಿಸಿದ. ತಾಯಿ ಆ ಮಾತನ್ನು ತುಂಬಿದ ಮನೆಯಲ್ಲಿ ತಾನಾಗಿ ಹೇಳುತ್ತಾಳೆಂದು ಅವನು ಎಣಿಸಿರಲಿಲ್ಲ.

ನಿಜಲಿಂಗಪ್ಪನವರು ಬುಟ್ಟಿ ಕೆಳಗಿಟ್ಟರು. "ಹಂಗಾರ ಈ ಕಾಳು?"

"ಒಡಿಸಿ ಇಡ್ತೀವಿ. ನಾಳೆ ಹಿಂಡಿ ಜೋಡಿ ಒಂದು ಮುಷ್ಟಿ. ಎರಡು ದಿನ ಬಿಟ್ಟು ಇನ್ನೊಂದು ಮುಷ್ಟಿ. ಹದಿನೈದು ದಿನದಾಗ ರೂಢಿ ಆಗತೈತಿ. ಬರ್ರಿ ಇಲ್ಲೆ. ಎಡಗಡೆ ಬರ್ರಿ. ಮುಷ್ಟಿ ಇಡ್ರಿ."

ಬೀಗರು ತಲೆಯ ಪಟಗ ಸರಿಮಾಡಿಕೊಂಡು ಬಾಗಿ, ಹೊಟ್ಟೆಯ ತಗ್ಗಿನಲ್ಲಿ ಮುಷ್ಟಿ ಇಟ್ಟರು. ಮನೆಯ ಹೆಣ್ಣುಮಕ್ಕಳು ಬಾಗಿಲಲ್ಲಿ ಗುಂಪುಗಟ್ಟಿದರು. ಸ್ವಲ್ಪ ಹೊತ್ತಿಗೆ ಬೀಗರ ಹುಬ್ಬು ಮೇಲೇರಿದವು.

"ನೂಕ್ತು" ಎಂದರು.

"ಇನ್ನೂ ತಡೀರಿ."

"ಮತ್ತ ನೂಕ್ತು." ಅವರ ಮುಖದ ತುಂಬ ನಗು ಹರಡಿತು. "ನಲವತ್ತು ವರ್ಷ ದನಾ ಕಟ್ಟೀನಿ, ಬೀಗತಿಯಾರ. ಇಲ್ಲಿ ಕೈ ಇಟ್ಟು ಕೇಳಬೇಕಂತ ಯಾರೂ ಹೇಳಿರಲಿಲ್ಲ."

ಗುರುಸಿದ್ದವ್ವ ಹಸಿರು ಬಳೆಯ ಕೈಯಿಂದ ಬೀಗತಿಯ ಗಂಗೆದೊಗಲು ಸವರಿದಳು. ಬೀಗತಿ ಕಡಿದ ಕಣಕಿಗೆ ಬಾಯಿ ಹಾಕಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇನ್ನು ನಿಮ್ಮ ಸರದಿ. ಈ ಹಾಳೆಯನ್ನು ಮಡಚಿ ಇಡುವ ಮೊದಲು ಕೊಟ್ಟಿಗೆಗೆ ಒಮ್ಮೆ ಹೋಗಿ ಬನ್ನಿ. ನಿಮ್ಮ ಆಕಳು ಮಲಗಿದ್ದಾಗ ಮೆಲುಕು ಹಾಕುತ್ತಿದೆಯೇ ನೋಡಿ. ಗೋದಲಿಯಲ್ಲಿ ಏನು ಉಳಿಸಿದೆ, ಸೆಗಣಿ ಹೇಗಿದೆ ನೋಡಿ. ಅದಕ್ಕೆ ಮೊದಲು ಮೇವು ಕೊಡಿ, ಆಮೇಲೆ ಹಿಂಡಿ ಕೊಡಿ. ಕಾಳು, ನುಚ್ಚು, ಹಬ್ಬದ ಅಡುಗೆ ಎಷ್ಟೇ ಪ್ರೀತಿಯಿಂದಾದರೂ ಒಮ್ಮೆಲೇ ಸುರಿಯಬೇಡಿ. ಮೇವು ಬದಲಿಸುವುದಾದರೆ ಹದಿನೈದು ದಿನ ತೆಗೆದುಕೊಂಡು ಬದಲಿಸಿ. ಬರೀ ಒಣ ಕಣಕಿಯ ಮೇಲೂ ಬಿಡಬೇಡಿ. ಆಕಳು ತಿನ್ನುವುದನ್ನು ಬಿಟ್ಟರೆ, ಮೆಲುಕು ನಿಲ್ಲಿಸಿದರೆ, ಮನೆಮದ್ದು ಹುಡುಕುತ್ತ ಹೊತ್ತು ಕಳೆಯದೆ ಅಂದೇ ದನದ ಡಾಕ್ಟರನ್ನು ಕರೆಸಿ.

ಈಗ ಏಳಿ. ಅದರ ಎಡಗಡೆಗೆ ನಿಲ್ಲಿ, ಮುಷ್ಟಿ ಇಟ್ಟು ಎರಡು ನಿಮಿಷ ಕಾಯಿರಿ. ಒಳಗಿನಿಂದ ಅದು ನಿಮ್ಮ ಕೈಯನ್ನು ನೂಕಿದಾಗ ನಿಮಗೂ ನಗು ಬರುತ್ತದೆ.